ಸಾಲ್ವೇಜ್ ಷರಾ ಬಿದ್ದ ಕ್ಯಾಮ್ರಿಯನ್ನು ಎಷ್ಟಕ್ಕೆ ಮಾರಬೇಕು?

ಭಾವ, ಫ್ರೀಮಾಂಟ್
ಎಲ್ಲರ ಗಮನಕ್ಕೆ. ನಾವು ಮೂವರು ಸಮನಾಗಿ ಹಣ ಹಾಕಿ ಕೊಂಡಿದ್ದ 2010ರ ಟೊಯೋಟಾ ಕ್ಯಾಮ್ರಿಯನ್ನು ಈ ತಿಂಗಳು ಮಾರಿಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದೇ ವರ್ಷದ, ಹೆಚ್ಚುಕಡಿಮೆ ಅಷ್ಟೇ ಓಡಿರುವ ಗಾಡಿಗಳಿಗೆ ನಮ್ಮ ಸುತ್ತಮುತ್ತ 6,000 ಡಾಲರ್ ಕೇಳುತ್ತಿದ್ದಾರೆ. ಎಂಜಿನ್, ಗೇರ್, ಎ.ಸಿ. ಯಾವುದರಲ್ಲೂ ತೊಂದರೆ ಇಲ್ಲದ ಕಾರಣ 5,500 ಡಾಲರಿಗೆ ಜಾಹೀರಾತು ಹಾಕುತ್ತೇನೆ. ಟೈಟಲಿನಲ್ಲಿರುವ ಅಪಘಾತದ ಷರಾದ ವಿಷಯವನ್ನು ಅದರಲ್ಲಿ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ನೋಡಲು ಬಂದವರು ಕೇಳಿದರೆ ಹೇಳಿದರಾಯಿತು.

ಚಿಕ್ಕಪ್ಪ, ಮೈಸೂರು
ಅಳಿಯಂದಿರೇ, ನಮ್ಮ ಮೊಮ್ಮಗ ಆಗಸ್ಟಿನಲ್ಲಿ ಎಂ.ಎಸ್. ಓದಲು ಸ್ಯಾನ್ ಹೋಸೆಗೆ ಬರುತ್ತಿರುವುದು ನಿಮಗೆ ತಿಳಿದೇ ಇದೆ. ಹೊರಗಿನವರಿಗೆ ಕೊಡುವ ಗಾಡಿಯನ್ನು ಅವನಿಗೇ ಕೊಟ್ಟರೆ ಮನೆಯ ವಸ್ತು ಮನೆಯಲ್ಲೇ ಉಳಿಯುತ್ತದೆ. ಆದರೆ ಟೈಟಲಿನ ವಿಷಯವೆಂದರೆ ಏನೆಂದು ನನಗೆ ತಿಳಿಯಲಿಲ್ಲ. ಇಲ್ಲಿ ಆರ್.ಸಿ.ಯಲ್ಲಿ ಮಾಲೀಕರ ಹೆಸರು, ಸಾಲವಿದ್ದರೆ ಬ್ಯಾಂಕಿನ ಹೆಸರು ಇರುವುದನ್ನು ನೋಡಿದ್ದೇನೆಯೇ ಹೊರತು, ಅಪಘಾತವಾಗಿತ್ತೆಂಬ ಷರಾವನ್ನು ಎಂದೂ ಕಂಡಿಲ್ಲ.

ಅಣ್ಣ, ಸನ್ನಿವೇಲ್
ಚಿಕ್ಕಪ್ಪ, 2022ರಲ್ಲಿ ಸಿಗ್ನಲಿನಲ್ಲಿ ನಿಂತಿದ್ದ ನಮ್ಮ ಗಾಡಿಗೆ ಹಿಂದಿನಿಂದ ಒಂದು ಪಿಕಪ್ ಟ್ರಕ್ ಬಂದು ಗುದ್ದಿತ್ತು. ಗುದ್ದಿದವರ ವಿಮಾ ಕಂಪನಿ ಹೊಸ ಬಿಡಿಭಾಗಗಳ ಲೆಕ್ಕದಲ್ಲಿ ರಿಪೇರಿಗೆ 6,400 ಡಾಲರ್ ಅಂದಾಜು ಮಾಡಿತು. ಅಪಘಾತಕ್ಕೆ ಮುಂಚೆ ಗಾಡಿಗಿದ್ದ ಬೆಲೆಯೇ 7,100 ಡಾಲರ್ ಆದ್ದರಿಂದ, ಗುಜರಿಗೆ ಹಾಕಿದರೆ ಬರುವ ಮೊತ್ತವನ್ನೂ ಸೇರಿಸಿ ನೋಡಿದಾಗ ರಿಪೇರಿ ಲಾಭದಾಯಕವಲ್ಲವೆಂದು ತೀರ್ಮಾನಿಸಿ, ಸಂಪೂರ್ಣ ನಷ್ಟವೆಂದು ಘೋಷಿಸಿತು. ಗಾಡಿ ಹಳೆಯದಾದಷ್ಟೂ ಸಣ್ಣ ಪೆಟ್ಟಿಗೇ ಈ ಗತಿ ಬರುತ್ತದೆ. ಹೊಸ ಗಾಡಿಗೆ ಅದೇ ಪೆಟ್ಟು ಬಿದ್ದಿದ್ದರೆ ರಿಪೇರಿ ಮಾಡಿಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು.

ನಾವು ಗಾಡಿಯನ್ನು ಬಿಟ್ಟುಕೊಡದೆ ಇಟ್ಟುಕೊಂಡೆವು. ಆಗ ಕ್ಯಾಲಿಫೋರ್ನಿಯಾದ ಡಿ.ಎಂ.ವಿ., ಅಂದರೆ ಇಲ್ಲಿನ ಆರ್.ಟಿ.ಓ., ಮೊದಲಿದ್ದ ಟೈಟಲನ್ನು (ಮಾಲೀಕತ್ವದ ಪತ್ರವನ್ನು) ಹಿಂಪಡೆದು, ಸಂಪೂರ್ಣ ನಷ್ಟವೆಂದು ಘೋಷಿಸಿದ ಗಾಡಿಗಳಿಗೆ ಕೊಡುವ ಸಾಲ್ವೇಜ್ ಪ್ರಮಾಣಪತ್ರ ಕೊಟ್ಟಿತು. ರಿಪೇರಿ ಮಾಡಿಸಿ, ಬ್ರೇಕ್ ಮತ್ತು ದೀಪಗಳ ತಪಾಸಣೆಯನ್ನು ಮುಗಿಸಿದ ಮೇಲೆ ರಸ್ತೆಗಿಳಿಸಲು ಅನುಮತಿ ಸಿಕ್ಕಿತಾದರೂ, ಹೊಸ ಟೈಟಲಿನ ಮೇಲೆ ಬಿದ್ದ ಷರಾ ಗಾಡಿ ಇರುವವರೆಗೂ ಉಳಿಯುತ್ತದೆ. ಅದು ತಿಳಿದಿರುವ ಮಾರಾಟಗಾರ ಕೊಳ್ಳುವವರಿಗೆ ಮೊದಲೇ ಹೇಳಬೇಕೆಂದು ರಾಜ್ಯದ ಕಾನೂನೇ ಇದೆ. ಭಾವ, ಕೇಳಿದರೆ ಹೇಳಿದರಾಯಿತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ತಮ್ಮ, ಆಸ್ಟಿನ್
ಗಾಡಿಯನ್ನು ನನ್ನಲ್ಲಿಗೆ ಕಳುಹಿಸಿದರೆ ಟೆಕ್ಸಸ್ಸಿನಲ್ಲಿ ಹೊಸದಾಗಿ ನೋಂದಾಯಿಸಿ ನೋಡಬಹುದು. ರಾಜ್ಯ ಬದಲಾದರೆ ಷರಾ ಬಿಟ್ಟುಹೋಗುತ್ತದೆಂದು ಆಫೀಸಿನಲ್ಲಿ ಯಾರೋ ಹೇಳುತ್ತಿದ್ದರು.

ಅಣ್ಣ, ಸನ್ನಿವೇಲ್
2005ರ ಕತ್ರೀನಾ ಚಂಡಮಾರುತದಲ್ಲಿ ಮುಳುಗಿದ ಗಾಡಿಗಳನ್ನು ಬೇರೆ ರಾಜ್ಯಗಳಿಗೆ ಸಾಗಿಸಿ ಹೀಗೆಯೇ ಮಾರಿದವರಿದ್ದರು. ಅದಕ್ಕೆ ವಂಚನೆಯೆಂದೇ ಹೆಸರು. 1992ರ ಕಾಯ್ದೆಯ ಅಡಿಯಲ್ಲಿ ದೇಶಕ್ಕೆಲ್ಲ ಒಂದೇ ಟೈಟಲ್ ಮಾಹಿತಿ ವ್ಯವಸ್ಥೆಯಿದ್ದು, 2009ರಿಂದ ವಿಮಾ ಕಂಪನಿಗಳೂ ಗುಜರಿಯವರೂ ಅದಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು. ನಾಲ್ಕು ಕಾಸು ಕೊಟ್ಟು ಗಾಡಿಯ ಗುರುತಿನ ಸಂಖ್ಯೆಯಾದ ವಿ.ಐ.ಎನ್. ಹಾಕಿದರೆ ಎಲ್ಲವೂ ಹೊರಬರುತ್ತದೆ. ಈ ಮಾತನ್ನು ಮತ್ತೆ ಎತ್ತಬೇಡ.

ಭಾವ, ಫ್ರೀಮಾಂಟ್
ಸರಿ, ಷರಾವನ್ನು ಬರೆಯೋಣ. ಆದರೆ ಬೆಲೆ ಇಳಿಸುವುದಕ್ಕೆ ನಾನು ಒಪ್ಪುವುದಿಲ್ಲ. ಪೆಟ್ಟು ಬಿದ್ದದ್ದು ಹಿಂಬದಿಯ ತಗಡಿಗೆ; ಏರ್‌ಬ್ಯಾಗ್ ಕೂಡ ಬಿಚ್ಚಿಕೊಂಡಿರಲಿಲ್ಲ. ರಿಪೇರಿಯ ಬಳಿಕ ಮೂರು ವರ್ಷ ಅದರಲ್ಲೇ ಅತ್ತೆ, ಮಾವನವರನ್ನು ದೇವಸ್ಥಾನಕ್ಕೂ ಆಸ್ಪತ್ರೆಗೂ ಕರೆದುಕೊಂಡು ಓಡಾಡಿದ್ದೇವೆ. ಪ್ರವಾಹದಲ್ಲಿ ಮುಳುಗಿ ವೈರಿಂಗ್ ಕೊಳೆತ ಗಾಡಿಗೂ ಇದಕ್ಕೂ ಒಂದೇ ಷರಾ ಹಾಕಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಷರಾ ಇದೆಯೆಂದು ಬೆಲೆಯಲ್ಲಿ ಮೂರನೆಯ ಒಂದು ಭಾಗ ಬಿಟ್ಟುಕೊಟ್ಟರೆ ನಷ್ಟ ಅನುಭವಿಸುವವರು ನಾವು.

ನಾನು
ಭಾವ, ನಿಮ್ಮ ಮಾತಿನ ಮೊದಲರ್ಧ ಪೂರ್ತಿ ಸರಿ. ಷರಾ ನೋಡಿದವರಿಗೆ ಪೆಟ್ಟಿನ ಪ್ರಮಾಣ ತಿಳಿಯುವುದಿಲ್ಲ; ಅದಕ್ಕಾಗಿಯೇ ರಿಪೇರಿಗೆ ಮುಂಚಿನ ಫೋಟೋಗಳನ್ನೂ ಗ್ಯಾರೇಜಿನ ಬಿಲ್ಲನ್ನೂ ಜಾಹೀರಾತಿನಲ್ಲೇ ಹಾಕಬೇಕು. ನನ್ನ ತಕರಾರು ಇರುವುದು ನಷ್ಟ ಎಂಬ ಲೆಕ್ಕದ ಬಗ್ಗೆ. ವಿಮಾ ಕಂಪನಿ 7,100 ಡಾಲರಿನಲ್ಲಿ ಗುಜರಿ ಬೆಲೆಯೆಂದು 850 ಮುರಿದುಕೊಂಡು 6,250 ಡಾಲರ್ ಕೊಟ್ಟಿತು. ಹಳೆಯ ಬಿಡಿಭಾಗ ಹುಡುಕಿ ರಿಪೇರಿ ಮಾಡಿಸಿದ್ದರಿಂದ ಖರ್ಚಾದದ್ದು 3,050. ಉಳಿದ 3,200 ಡಾಲರಿನಲ್ಲಿ ಅಪ್ಪ, ಅಮ್ಮನ ವಿಮಾನ ಟಿಕೆಟ್ಟನ್ನೂ ಅವರ ಪ್ರವಾಸಿ ವಿಮೆಯನ್ನೂ ಮಾಡಿಸಿದೆವು. ಅಂದರೆ ಗಾಡಿಯ ಬೆಲೆ ಕುಸಿದದ್ದಕ್ಕೆ ಪರಿಹಾರವನ್ನು ನಾವು ಆಗಲೇ ಪಡೆದು ಖರ್ಚು ಮಾಡಿದ್ದೇವೆ. ಈಗ 4,000 ಡಾಲರಿಗೆ ಮಾರಿದರೂ ಎರಡೂ ಸೇರಿ 7,200 ಆಗುತ್ತದೆ. ಅಪಘಾತದ ಹಿಂದಿನ ದಿನ ಗಾಡಿಗಿದ್ದ ಬೆಲೆಗಿಂತ ಹೆಚ್ಚು. 5,500 ಕೇಳುವುದೆಂದರೆ ಒಮ್ಮೆ ಕೈಸೇರಿದ ಅದೇ ನಷ್ಟವನ್ನು ಕೊಳ್ಳುವವನಿಂದ ಇನ್ನೊಮ್ಮೆ ವಸೂಲು ಮಾಡಿದಂತೆ.

ಕೊಳ್ಳುವವನಿಗೆ ಈ ಷರಾದಿಂದ ಆಗುವ ತೊಂದರೆಗಳು ನಿಜವಾದವು. ಇಂಥ ಗಾಡಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಬಹಳಷ್ಟು ವಿಮಾ ಕಂಪನಿಗಳು ಎದುರಿನವರಿಗಾಗುವ ಹಾನಿಗೆ ಮಾತ್ರ ವಿಮೆ ಮಾಡುತ್ತವೆ. ಸ್ವಂತ ಗಾಡಿಯ ಹಾನಿಗೆ ಮಾಡಿದರೂ ನಾಳೆ ಪರಿಹಾರ ಕೊಡುವಾಗ ಷರಾ ತೋರಿಸಿ ಕಡಿಮೆ ಮಾಡುತ್ತವೆ. ಅವನು ಮಾರುವ ದಿನವೂ ಇದೇ ಚೌಕಾಸಿ. ಮಾರುಕಟ್ಟೆಯಲ್ಲಿ ಇಂಥವಕ್ಕೆ ಶೇಕಡಾ 20ರಿಂದ 40ರಷ್ಟು ಕಡಿಮೆ ಕೇಳುವುದು ರೂಢಿ. 4,000 ಆ ಮಿತಿಯೊಳಗೇ ಇದೆ.

ಇನ್ನೊಂದು ವಿಷಯ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಮ್ಯಾಟನ್ನು ಎತ್ತಿ ನೋಡಿ. ಎಡಗಡೆ ಹೊಸ ತಗಡು ಬೆಸೆದ ಗೆರೆಯ ಬಳಿ ತುಕ್ಕಿನ ಕಲೆಯಿದೆ. ಜನವರಿಯ ಮಳೆಯಲ್ಲಿ ಅಲ್ಲಿ ಅಂಗೈಯಗಲ ನೀರು ನಿಂತಿತ್ತು. ರಬ್ಬರ್ ಬೀಡಿಂಗ್ ಸರಿಯಾಗಿ ಕೂತಿಲ್ಲ. ಆಗಿನ ಬ್ರೇಕ್ ಮತ್ತು ದೀಪಗಳ ತಪಾಸಣೆಯಲ್ಲಿ ಇದನ್ನೆಲ್ಲ ನೋಡುತ್ತಿರಲಿಲ್ಲ, ಚಾಸಿಯನ್ನೂ ಅಳೆಯುತ್ತಿರಲಿಲ್ಲ. ಇದನ್ನೂ ಬರೆಯಬೇಕು.

ಅಕ್ಕ, ಫ್ರೀಮಾಂಟ್
ಟಿಕೆಟ್ಟಿನ ಹಣ ಎಲ್ಲಿಂದ ಬಂತೆಂಬುದು ಇವರಿಗೆ ನೆನಪಿರಲಿಲ್ಲವೆಂದು ಕಾಣುತ್ತದೆ; ನನಗೆ ನೆನಪಿದೆ.

ಚಿಕ್ಕಪ್ಪ, ಮೈಸೂರು
ಮೊಮ್ಮಗನಿಗಾದರೆ 3,000ಕ್ಕೆ ಕೊಡಬಹುದಲ್ಲವೇ?

ನಾನು
ಚಿಕ್ಕಪ್ಪ, ಬೆಲೆ ಇಳಿಸುವುದು ಕಷ್ಟವಲ್ಲ, ಆಮೇಲಿನದ್ದು ಕಷ್ಟ. ಹೊರಗಿನವರು ಕೊಂಡರೆ ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಮೊಮ್ಮಗ ಪುಟ್ಟ ಕೊಂಡರೆ ಪ್ರತಿಯೊಂದು ರಿಪೇರಿಯೂ ಈ ಗುಂಪಿನಲ್ಲಿ ಚರ್ಚೆಗೆ ಬರುತ್ತದೆ, ಹಬ್ಬಕ್ಕೆ ಸೇರಿದಾಗಲೂ ಅದೇ ಮಾತಾಗುತ್ತದೆ. ಹಾಗಾಗಿ ಅವನು ಬಂದ ಮೇಲೆ ನಮಗೆ ಪರಿಚಯವಿಲ್ಲದ, ಅವನೇ ಆರಿಸಿದ ಮೆಕ್ಯಾನಿಕ್ ಬಳಿ ಗಾಡಿಯನ್ನು ಲಿಫ್ಟಿಗೆ ಏರಿಸಿ ತೋರಿಸಲಿ. ಒಪ್ಪಿಗೆಯಾದರೆ 3,700ಕ್ಕೆ ಕೊಡೋಣ. ಆಗದಿದ್ದರೆ ಯಾರಿಗೂ ಬೇಸರ ಬೇಡ.

ಅಣ್ಣ, ಸನ್ನಿವೇಲ್
ನನಗೆ ಒಪ್ಪಿಗೆ. ಟೈಟಲಿನಲ್ಲಿ ನನ್ನ ಮತ್ತು ಭಾವನ ಹೆಸರುಗಳ ನಡುವೆ ‘ಅಥವಾ’ ಎಂದಿರುವುದರಿಂದ ಒಬ್ಬರ ಸಹಿ ಸಾಕು. ಆದರೂ ಇಬ್ಬರೂ ಹಾಕೋಣ. ಮಾರಿದ ಐದು ದಿನಗಳೊಳಗೆ ಹೊಣೆಗಾರಿಕೆ ಬಿಡುಗಡೆಯ ಅರ್ಜಿಯನ್ನು ಡಿ.ಎಂ.ವಿ.ಗೆ ಸಲ್ಲಿಸಬೇಕು, ಇಲ್ಲದಿದ್ದರೆ ಕೊಂಡವನ ಪಾರ್ಕಿಂಗ್ ದಂಡಗಳು ನಮ್ಮ ಮನೆಗೇ ಬರುತ್ತವೆ. ಸ್ಮಾಗ್ ಪ್ರಮಾಣಪತ್ರ, ಅಂದರೆ ಹೊಗೆ ತಪಾಸಣೆಯ ಪತ್ರ, 90 ದಿನಗಳೊಳಗಿನದ್ದಾಗಿರಬೇಕು. ತಂದೆತಾಯಿ, ಮಕ್ಕಳು, ಒಡಹುಟ್ಟಿದವರ ನಡುವಿನ ವರ್ಗಾವಣೆಗೆ ಅದರಿಂದ ವಿನಾಯಿತಿ ಇದೆಯಾದರೂ, ನಮಗೆ ಮಗನ ಸಮಾನನಾದ ಪುಟ್ಟ ಡಿ.ಎಂ.ವಿ.ಯ ದೃಷ್ಟಿಯಲ್ಲಿ ಹೊರಗಿನವನೇ.

ಚಿಕ್ಕಪ್ಪ, ಮೈಸೂರು
ಲಿಫ್ಟಿಗೆ ಏರಿಸುವ ವೆಚ್ಚವನ್ನು ನಾನು ಕೊಡುತ್ತೇನೆ. ಸ್ಟೆಪ್ನಿ ಗುಂಡಿಯ ಫೋಟೋವನ್ನು ಅವನಿಗೆ ಈಗಲೇ ಕಳುಹಿಸಿರಿ.

ಭಾವ, ಫ್ರೀಮಾಂಟ್
ಈ ಗಾಡಿಗೆ 3,700 ಕಡಿಮೆಯೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಬಹುಮತಕ್ಕೆ ಒಪ್ಪಿ ಸಹಿ ಹಾಕುತ್ತೇನೆ. ಆಗಸ್ಟ್ ಮೊದಲ ವಾರದಲ್ಲಿ ಸ್ಮಾಗ್ ಪರೀಕ್ಷೆಗೆ ನಾನೇ ಒಯ್ಯುತ್ತೇನೆ. ಬೀಡಿಂಗನ್ನೂ ಆಗಲೇ ಬದಲಾಯಿಸುತ್ತೇನೆ. ಎರಡರ ಖರ್ಚನ್ನೂ ಮೂರು ಪಾಲು ಮಾಡಿ, ಮಾರಿದ ಹಣದಲ್ಲಿ ಮೊದಲು ಅದನ್ನು ಕಳೆದು ಉಳಿದದ್ದನ್ನು ಹಂಚಬೇಕು.