ಕತ್ತರಿಸಿಕೊಟ್ಟ ಮಾತ್ರೆಗೆ ತಾರೀಖು ಎಲ್ಲಿದೆ?

ಶಾರದತ್ತೆ: (ಫೋಟೋ) ಅಮ್ಮನ ಔಷಧದ ಡಬ್ಬಿಯಲ್ಲಿ ಈ ನಾಲ್ಕು ಬಿಪಿ ಮಾತ್ರೆಗಳು ಸಿಕ್ಕವು. ಹಿಂಬದಿಯ ಹಾಳೆಯ ಮೇಲೆ ಹೆಸರು ಮೂರು ಸಲ ಇದೆ, ಎಕ್ಸ್‌ಪೈರಿ ತಾರೀಖು ಮಾತ್ರ ಎಲ್ಲಿಯೂ ಇಲ್ಲ. ಇವನ್ನು ಕೊಡಬಹುದೇ?

ದೊಡ್ಡಪ್ಪ: ಕೊಡಬೇಡ ಶಾರದಾ. ಬಿಲ್ಲನ್ನು ಜೋಪಾನವಾಗಿ ಇಟ್ಟಿದ್ದರೆ ಬ್ಯಾಚ್ ನಂಬರೂ ತಾರೀಖೂ ಅದರಲ್ಲೇ ಸಿಗುತ್ತಿದ್ದವು. ಕೊಂಡವರು ಎಚ್ಚರದಿಂದ ಇರಬೇಕು.

ಸುಮಾ: ದೊಡ್ಡಪ್ಪ, ಈ ಮಾತನ್ನು ನಾನು ಒಪ್ಪಲಾರೆ. ನಾಲ್ಕು ಮಾತ್ರೆ ಕೊಂಡರೆ ಎಷ್ಟೋ ಅಂಗಡಿಗಳಲ್ಲಿ ಬಿಲ್ಲನ್ನೇ ಕೊಡುವುದಿಲ್ಲ. ಕೊಟ್ಟರೂ ತಿಂಗಳುಗಟ್ಟಲೆ ಅದನ್ನು ಮಾತ್ರೆಯ ಜೊತೆ ಕಾಪಾಡಬೇಕಾದ ಹೊಣೆ ಎಂಬತ್ತು ದಾಟಿದ ಅಜ್ಜಿಯ ಮೇಲೆ ಏಕೆ ಬೀಳಬೇಕು? ದೋಷವಿರುವುದು ಸ್ಟ್ರಿಪ್ಪಿನ ವಿನ್ಯಾಸದಲ್ಲಿ.

ಶ್ರೀಧರಣ್ಣ: ಮೆಡಿಕಲ್ ಶಾಪ್ ನಡೆಸುವವನಾಗಿ ಹೇಳುತ್ತೇನೆ. ಡಾಕ್ಟರು 5 ದಿನಕ್ಕೆ ಬರೆದುಕೊಟ್ಟಿರುವಾಗ 15 ಮಾತ್ರೆಗಳ ಸ್ಟ್ರಿಪ್ಪನ್ನು ಪೂರ್ತಿ ಕೊಳ್ಳಿರೆಂದು ಕೂಲಿ ಮಾಡುವವರಿಗೆ ಹೇಳಲಾಗುವುದಿಲ್ಲ, ಹಾಗಾಗಿ ಕತ್ತರಿಸಲೇಬೇಕು. ತಾರೀಖಿರುವ ತುದಿಯನ್ನು ನಾವು ಕೊನೆಯವರೆಗೆ ಉಳಿಸಿಕೊಳ್ಳುತ್ತೇವೆ, ನಿಜ. ಅದಿಲ್ಲದೆ ಉಳಿದ ಮಾಲಿನ ಅವಧಿ ನಮಗೂ ತಿಳಿಯುವುದಿಲ್ಲ, ಡಿಸ್ಟ್ರಿಬ್ಯೂಟರ್ ಅದನ್ನು ವಾಪಸ್ಸೂ ತೆಗೆದುಕೊಳ್ಳುವುದಿಲ್ಲ.

ಸುಮಾ: ಅಣ್ಣ, ನಿಮ್ಮನ್ನು ದೂರುತ್ತಿಲ್ಲ. ಹೆಸರು ಮೊದಲೇ ಅಚ್ಚಾದ ಫಾಯಿಲ್ ಸುರುಳಿ ಕಾರ್ಖಾನೆಗೆ ಬರುತ್ತದೆ, ಆದ್ದರಿಂದ ಹೆಸರು ಉದ್ದಕ್ಕೂ ಮತ್ತೆ ಮತ್ತೆ ಕಾಣಿಸುತ್ತದೆ. ಬ್ಯಾಚ್ ನಂಬರು ಮತ್ತು ತಾರೀಖುಗಳನ್ನಾದರೋ ಪ್ಯಾಕಿಂಗ್ ಸಮಯದಲ್ಲಿ, ಸಾಮಾನ್ಯವಾಗಿ ಸ್ಟ್ರಿಪ್ಪಿಗೆ ಒಂದೇ ಕಡೆ, ಎಷ್ಟೋ ಸಲ ಶಾಯಿಯೂ ಇಲ್ಲದೆ ಅಂಚಿನಲ್ಲಿ ಒತ್ತಿಬಿಡುತ್ತಾರೆ. ಹೊಳೆಯುವ ಹಾಳೆಯ ಮೇಲಿನ ಆ ಉಬ್ಬಕ್ಷರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಓದಲು ಸಾಧ್ಯ. ಬಿಡಿಯಾಗಿ ಮಾರಾಟವಾಗುವುದೆಂದು ಎಲ್ಲರಿಗೂ ಗೊತ್ತಿರುವ ವಸ್ತುವಿನ ಮೇಲೆ ಅತ್ಯಗತ್ಯ ಮಾಹಿತಿಯನ್ನು ಒಂದೇ ತುದಿಯಲ್ಲಿ ಇಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ದೊಡ್ಡಪ್ಪ: ಈಗ ಕ್ಯೂಆರ್ ಕೋಡ್ ಬಂದಿದೆಯಲ್ಲ?

ಸುಮಾ: 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳಿಗೆ ಅದು ಕಡ್ಡಾಯವಾಗಿದೆ, ಬ್ಯಾಚ್ ಮತ್ತು ತಾರೀಖುಗಳೂ ಅದರಲ್ಲಿರಬೇಕು. ಆದರೆ ಸ್ಟ್ರಿಪ್ಪಿಗೆ ಒಂದೇ ಕೋಡ್ ಇದ್ದರೆ ಅದೂ ಕತ್ತರಿಯ ಆಚೆಗೇ ಉಳಿಯುತ್ತದೆ. ಸ್ಟ್ರಿಪ್ಪಿನ ಮೇಲೆ ಜಾಗ ಸಾಲದಿದ್ದರೆ ಹೊರಗಿನ ಪೆಟ್ಟಿಗೆಯ ಮೇಲೆ ಹಾಕಲು ಅವಕಾಶವಿದೆ, ಆ ಪೆಟ್ಟಿಗೆ ನಮ್ಮ ಕೈಗೆ ಬರುವುದೇ ಇಲ್ಲ. ಪ್ರತಿ ಮಾತ್ರೆಯ ಬೆನ್ನಿಗೂ ತಾರೀಖು ಬರಬೇಕು.

ಶ್ರೀಧರಣ್ಣ: ಅದಕ್ಕೆ ಖರ್ಚಿದೆ ಸುಮಾ, ಆ ಖರ್ಚು ಕೊನೆಗೆ ಮಾತ್ರೆಯ ಬೆಲೆಗೇ ಸೇರುತ್ತದೆ.

ಸುಮಾ: ಸೇರಲಿ ಅಣ್ಣ, ಅವಧಿ ತಿಳಿಯದೆ ಎಸೆಯುವ ಮಾತ್ರೆಗೂ ನಾವು ಹಣ ಕೊಟ್ಟೇ ಇರುತ್ತೇವೆ. ಅಲ್ಲಿಯವರೆಗೆ ನೀವು ಕತ್ತರಿಸಿದ ತುಂಡಿನ ಹಿಂದೆ ಮಾರ್ಕರ್ ಪೆನ್ನಿನಿಂದ ತಿಂಗಳು, ವರ್ಷ ಬರೆದುಕೊಡಲಾಗದೇ?

ಶ್ರೀಧರಣ್ಣ: ಕವರಿನ ಮೇಲೆ ಬರೆಯಬಲ್ಲೆ. ಸಂಜೆಯ ಗದ್ದಲದಲ್ಲಿ ಪ್ರತಿ ತುಂಡಿನ ಮೇಲೂ ಬರೆಯುತ್ತೇನೆಂದು ಮಾತು ಕೊಡಲಾರೆ.

ಶಾರದತ್ತೆ: ಕವರನ್ನು ಅಮ್ಮ ಅಂದೇ ಕಸಕ್ಕೆ ಹಾಕುತ್ತಾರೆ ಶ್ರೀಧರ. ತುಂಡಿನ ಮೇಲೆಯೇ ಬರೆದುಕೊಡು, ನಾವು ಕಾಯುತ್ತೇವೆ.