ಶುಗರ್ ಇರೋ ಅಮ್ಮನಿಗೆ ಮರೆವು ಜಾಸ್ತಿಯಾಗ್ತಿದೆ, ನಿಮ್ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?

ಪ್ರಶ್ನೆ (ಹಾಸನ): ಅಮ್ಮನಿಗೆ 68, ಶುಗರ್ ಬಂದು ಹದಿನೈದು ವರ್ಷದ ಮೇಲಾಯ್ತು. ಈಚೆಗೆ ಹೇಳಿದ್ದನ್ನೇ ಹೇಳ್ತಾರೆ, ಹಾಲು ಒಲೆ ಮೇಲಿಟ್ಟು ಮರೀತಾರೆ, ಮೊನ್ನೆ ಚೀಟಿ ದುಡ್ಡು ಕೊಟ್ಟಾಯ್ತು ಅಂತ ಪಕ್ಕದ್ಮನೆಯವರ ಹತ್ರ ಜಗಳ ಬೇರೆ. ಶುಗರ್ ಇದ್ರೆ ಡಿಮೆನ್ಶಿಯಾ, ಅಂದ್ರೆ ಮರೆವಿನ ಕಾಯಿಲೆ ಬರುತ್ತೆ ಅಂತಾರಲ್ಲ, ನಿಜಾನಾ? ಯಾರಿಗೆ ತೋರಿಸಿದ್ರಿ, ಏನೇನು ಟೆಸ್ಟ್ ಮಾಡಿಸಿದ್ರಿ, ದಯವಿಟ್ಟು ಹೇಳಿ.

ಮೈಸೂರಿಂದ: ಅಕ್ಕಾ, ಅಪಾಯ ಜಾಸ್ತಿ ಅನ್ನೋದು ನಿಜ, ಆದ್ರೆ ಬಂದೇ ಬರುತ್ತೆ ಅಂತಲ್ಲ. ಟೈಪ್ 2, ಅಂದ್ರೆ ಸಾಮಾನ್ಯವಾಗಿ ದೊಡ್ಡೋರಿಗೆ ಬರೋ ಶುಗರ್ ಇರೋರಿಗೆ ಇಲ್ಲದೋರಿಗಿಂತ ಸುಮಾರು ಒಂದೂವರೆ ಪಟ್ಟು ಅಂತಾರೆ, ಅದ್ರಲ್ಲೂ ಮೆದುಳಿನ ಸಣ್ಣ ರಕ್ತನಾಳ ಹಾಳಾಗಿ ಬರೋ ವ್ಯಾಸ್ಕುಲರ್ ಡಿಮೆನ್ಶಿಯಾ ಅಪಾಯ ಇನ್ನೂ ಹೆಚ್ಚು. ನಮ್ಮ ತಂದೆ ಎಂಆರ್‌ಐನಲ್ಲೂ ಅದೇ ಕಂಡಿದ್ದು.

ಆದ್ರೆ ನೀವು ಇವತ್ತೇ ನೋಡ್ಬೇಕಾಗಿರೋದು ಅಮ್ಮನ ಮಾತ್ರೆ ಡಬ್ಬಿ ಯಾರ ಕೈಲಿದೆ ಅಂತ. ನಮ್ಮ ತಂದೆ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ ಅನ್ನೋ ಶುಗರ್ ಇಳಿಸೋ ಮಾತ್ರೆ ತಗೊಂಡು, ತಗೊಂಡಿದ್ದು ಮರೆತು, ತಿಂಡಿ ಆದ್ಮೇಲೆ ಇನ್ನೊಂದು ನುಂಗೋರು. ಹನ್ನೊಂದು ಗಂಟೆ ಹೊತ್ಗೆ ಬನಿಯನ್ ಒದ್ದೆ ಆಗೋಷ್ಟು ಬೆವರು, ಕೈ ನಡುಕ, ಸುಮ್ಸುಮ್ನೆ ಸಿಟ್ಟು, ನನ್ನನ್ನ ಚಿಕ್ಕಪ್ಪನ ಹೆಸರಿಡಿದು ಕೂಗೋರು. ನೋಡಿದೋರಿಗೆ ಮರೆವಿನ ಕಾಯಿಲೆ ಅಂತಲೇ ಅನ್ಸುತ್ತೆ, ಗ್ಲೂಕೋಮೀಟರಲ್ಲಿ ನೋಡಿದ್ರೆ 52. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು ಕಾಲು ಗಂಟೆ ಬಿಟ್ಟು ನೋಡಿದ್ರೆ ಸರಿಯಾಗಿ ಮಾತಾಡ್ತಾ ಕೂತಿರೋರು.

ಹೀಗೆ ಪದೇ ಪದೇ ಲೋ ಆಗೋದು, ಅಂದ್ರೆ ಶುಗರ್ ತೀರಾ ಇಳಿಯೋದು, ಮೆದುಳಿಗೆ ಒಳ್ಳೇದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟೈಪ್ 2 ಇದ್ದ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದೋರ ದಾಖಲೆ ತೆಗೆದು ನೋಡಿದ್ರಂತೆ, 2009ರಲ್ಲಿ ಬಂತು ಅದು, ಲೋ ಆಗಿ ಆಸ್ಪತ್ರೆ ಸೇರಿದ್ದೋರಲ್ಲಿ ಮುಂದೆ ಡಿಮೆನ್ಶಿಯಾ ಜಾಸ್ತಿ ಇತ್ತು. ಮರೆವಿಂದ ಎರಡೆರಡು ಮಾತ್ರೆ, ಅದ್ರಿಂದ ಲೋ, ಲೋ ಆಗಿ ಇನ್ನಷ್ಟು ಮರೆವು. ಇದನ್ನ ಮೊದ್ಲು ತಪ್ಪಿಸಿ. ನಾವೀಗ ವಾರದ ಮಾತ್ರೆ ಬೀರುವಲ್ಲಿಟ್ಟು ಬೀಗ ಹಾಕ್ತೀವಿ, ಆ ಹೊತ್ತಿಂದು ಮಾತ್ರ ಕೈಗೆ ಕೊಡೋದು, ಕಿತ್ಕೊಂಡ್ವಿ ಅಂತ ಅವ್ರಿಗೆ ಅನ್ಸಬಾರ್ದು ನೋಡಿ, ಅದಕ್ಕೆ "ಬನ್ನಿ ಅಪ್ಪಾ, ಇಬ್ರೂ ಮಾತ್ರೆ ತಗೊಳೋಣ" ಅಂತ ನನ್ನ ಬಿಪಿ ಮಾತ್ರೆನೂ ಅವಾಗ್ಲೇ ತಗೋತೀನಿ. ಡಾಕ್ಟರ್ ಗ್ಲಿಮೆಪಿರೈಡ್ ನಿಲ್ಲಿಸಿ ಅಷ್ಟಾಗಿ ಲೋ ಮಾಡ್ದಿರೋ ಮಾತ್ರೆ ಕೊಟ್ರು, ಈ ಸ್ಥಿತೀಲಿ ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ 8ರ ಒಳಗಿದ್ರೆ ಸಾಕು, ಆರೂವರೆಗೆ ಇಳಿಸೋ ಹಟ ಬೇಡ ಅಂದ್ರು. ಏಕಾದಶಿ ಉಪವಾಸನೂ ಬಿಡಿಸಿದ್ವಿ. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ ಮತ್ತೆ, ಡಾಕ್ಟರನ್ನ ಕೇಳೇ ಮಾಡಿ.

ಧಾರವಾಡದಿಂದ: ನಮ್ಮ ಅವ್ವಗೂ ಹಿಂಗ ಆಗಿತ್ರಿ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಗುಳಿಗಿ ಹತ್ತು ವರ್ಷದ ಮ್ಯಾಲಿಂದ ತಗೋಳಾಕತ್ತಿದ್ಳು, ಅದರಾಗ ಪೂರ್ತಿ ಸಸ್ಯಾಹಾರಿ. ಬಿ12 ನೋಡಿದ್ರ ಭಾಳ ಕಮ್ಮಿ. ಆ ಗುಳಿಗಿ ವರ್ಷಗಟ್ಟಲೆ ತಗೊಂಡ್ರ ಬಿ12 ಕಮ್ಮಿ ಆಗಬಹುದು, ಅದರಿಂದ ಮರವು, ಕಾಲು ಜೋಮು ಎರಡೂ ಬರ್ತಾವ, ಮಂದಿ ಶುಗರಿಂದ ಅಂತ ಸುಮ್ನ ಬಿಡ್ತಾರ. ಇಂಜೆಕ್ಷನ್ ಮಾಡಿಸಿದ ಮ್ಯಾಲೆ ಸಾವಕಾಶ ಸುಧಾರಿಸಿದ್ಳು, ಈಗ ಭಜನಿ ಪದ ಪುಸ್ತಕ ಇಲ್ಲದ ಹೇಳತಾಳ. ಎಲ್ಲಾರಿಗೂ ಹಂಗ ಆಗ್ತೈತಿ ಅಂತ ಹೇಳಾಕ ಬರಂಗಿಲ್ರಿ, ಆದ್ರ ಬಿ12, ಥೈರಾಯ್ಡ್, ಸೋಡಿಯಂ, ಕಿಡ್ನಿ ಇಷ್ಟು ರಕ್ತಪರೀಕ್ಷಾ ಮೊದಲ ಮಾಡಸ್ರಿ. ಕಿವಿನೂ ತೋರಸ್ರಿ, ಕೇಳಸ್ಲಿಲ್ಲ ಅಂದ್ರ ನೆನಪಿಡೋದರ ಹೆಂಗ?

ಬೆಂಗಳೂರಿಂದ, ನರ್ಸ್ ಆಗಿ ನಿವೃತ್ತಿ: ಮೊದ್ಲು ಈಗ ನೋಡ್ತಿರೋ ಶುಗರ್ ಡಾಕ್ಟರ್ ಹತ್ರಾನೇ ಹೋಗಮ್ಮ, ಎಲ್ಲಾ ಮಾತ್ರೆ ಚೀಲಕ್ಕೆ ಹಾಕ್ಕೊಂಡು. ಆಮೇಲೆ ನ್ಯೂರಾಲಜಿ. 2022ರಲ್ಲಿ ಸರ್ಕಾರ, ನಿಮ್ಹಾನ್ಸ್ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿದ್ರು, ಜಿಲ್ಲಾ ಆಸ್ಪತ್ರೇಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಇದೆಯಾ, ಯಾವತ್ತು ಅಂತ ವಿಚಾರ್ಸು. ನೆನಪಿನ ಪರೀಕ್ಷೆ ಕನ್ನಡದಲ್ಲೇ ಮಾಡಿ ಅಂತ ಕೇಳು. ಬಿಪಿ, ಕೊಲೆಸ್ಟ್ರಾಲ್ ಬಿಡ್ಬೇಡ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದೀಲಿ ಡಿಮೆನ್ಶಿಯಾಗೆ ನಾವು ಹತೋಟಿಗೆ ತರಬಹುದಾದ 14 ಕಾರಣ ಹೇಳಿದ್ದಾರೆ, ಶುಗರ್ ಜೊತೆ ಇವೂ ಇವೆ. ನೀನೂ ನಿನ್ನ ಶುಗರ್ ಚೆಕ್ ಮಾಡಿಸ್ಕೋ, ಚಿಕ್ಕ ವಯಸ್ಸಲ್ಲಿ ಬಂದಷ್ಟೂ ಮುಂದೆ ಡಿಮೆನ್ಶಿಯಾ ಅಪಾಯ ಹೆಚ್ಚು.

ಹಾಸನ: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನೂ ಗ್ಲಿಮೆಪಿರೈಡೇ ತಗೊಳೋದು, ಆದ್ರೆ ಬೆವರಿದ್ದು ಯಾವತ್ತೂ ನೋಡಿಲ್ಲ. ಬೆವರದೇನೂ ಲೋ ಆಗುತ್ತಾ?

ಬೆಂಗಳೂರಿಂದ: ಆಗುತ್ತಮ್ಮ. ಹಳೇ ಶುಗರ್‌ನೋರಿಗೆ ಬೆವರು, ನಡುಕ ಏನೂ ಇಲ್ದೆ ನೇರವಾಗಿ ಗಲಿಬಿಲಿಯೇ ಶುರುವಾಗಬಹುದು. ಅಮ್ಮ ತಬ್ಬಿಬ್ಬಾದಾಗ್ಲೇ ಬೆರಳು ಚುಚ್ಚಿ ನೋಡು, ಟೈಮ್ ಬರೆದಿಡು, ಡಾಕ್ಟರಿಗೆ ಅದು ತುಂಬಾ ಉಪಯೋಗಕ್ಕೆ ಬರುತ್ತೆ. 70ಕ್ಕಿಂತ ಕೆಳಗಿದ್ರೆ ಸಕ್ಕರೆ ನೀರು. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ಬೇಡ, 108ಕ್ಕೆ ಫೋನ್ ಮಾಡು.