“13 ಕ್ಯಾನ್ಸರ್ ಗ್ಯಾರಂಟಿ!”

ಗುಂಪು: ಅಜ್ಜಿಮನೆ ಬಳಗ

ದೊಡ್ಡಪ್ಪ: [ಫಾರ್ವರ್ಡ್] ⚠️ ಬೊಜ್ಜು ಇದ್ದವರಿಗೆ 13 ಬಗೆಯ ಕ್ಯಾನ್ಸರ್ ಗ್ಯಾರಂಟಿ! ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆರಸ ಕುಡಿಯಿರಿ. 15 ದಿನದಲ್ಲಿ ಬೊಜ್ಜು ಮಾಯ. ಎಲ್ಲರಿಗೂ ಕಳಿಸಿ 🙏

ಗೀತತ್ತೆ: ಯಾರಿಗೆ ಹಾಕಿದ್ದು ಅಂತ ಗೊತ್ತಾಯ್ತು ಬಿಡು ಅಣ್ಣ. ನೇರವಾಗೇ ಹೇಳಬಹುದಿತ್ತು.

ದೊಡ್ಡಪ್ಪ: ಅಯ್ಯೋ, ನಿನಗಲ್ವೇ! ಆರೋಗ್ಯದ ವಿಷಯ ಅಂತ ಹಾಕ್ದೆ.

ಸುಬ್ಬು ಚಿಕ್ಕಪ್ಪ: ನಮ್ಮಜ್ಜಿ ಗುಂಡಗಿದ್ರು, 91 ವರ್ಷ ಬದುಕಿದ್ರು. ಕಡ್ಡಿ ಥರ ಇದ್ದ ಪಕ್ಕದ್ಮನೆ ರಾಜಣ್ಣ ಕ್ಯಾನ್ಸರಲ್ಲಿ ಹೋದ. ಎಲ್ಲಾ ಬೊಗಳೆ.

ಡಾ. ಮೇಘಾ: ಚಿಕ್ಕಪ್ಪ, ರಾಜಣ್ಣ ದಿನಕ್ಕೊಂದು ಕಟ್ಟು ಬೀಡಿ ಸೇದ್ತಿದ್ದಿದ್ದು ಮರೆತ್ರಾ?

ಡಾ. ಮೇಘಾ: 13 ಅನ್ನೋ ಲೆಕ್ಕ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಕೊಟ್ಟ ಪಟ್ಟಿ ಅದು. ಗರ್ಭಕೋಶದ ಒಳಪದರ, ದೊಡ್ಡ ಕರುಳು, ಕಿಡ್ನಿ, ಲಿವರ್, ಪಿತ್ತಕೋಶ, ಮುಟ್ಟು ನಿಂತ ಮೇಲೆ ಬರೋ ಸ್ತನ ಕ್ಯಾನ್ಸರ್ ಎಲ್ಲಾ ಇದೆ. “ಗ್ಯಾರಂಟಿ” ಅನ್ನೋದೇ ಸುಳ್ಳು. ಅಪಾಯ ಹೆಚ್ಚುತ್ತೆ, ಆದ್ರೆ ದಪ್ಪಗಿರೋರಲ್ಲಿ ಹೆಚ್ಚಿನವರಿಗೆ ಇವು ಬರಲ್ಲ.

ಗೀತತ್ತೆ: ಕೊಬ್ಬಿಗೂ ಗರ್ಭಕೋಶಕ್ಕೂ ಏನೇ ಸಂಬಂಧ?

ಡಾ. ಮೇಘಾ: ಗರ್ಭಕೋಶದ ಒಳಪದರ ಬೆಳೆಸೋದು ಈಸ್ಟ್ರೋಜನ್ ಅನ್ನೋ ಹಾರ್ಮೋನು. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಅದು ಬರೋದು ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಆದ್ರೆ ಕೊಬ್ಬಿನಲ್ಲಿ ಅರೊಮಟೇಸ್ ಅನ್ನೋ ಕಿಣ್ವ ಇದೆ, ಅದು ಬೇರೆ ಹಾರ್ಮೋನನ್ನ ಈಸ್ಟ್ರೋಜನ್ ಮಾಡ್ತಾನೇ ಇರುತ್ತೆ. ಅದಕ್ಕೆ ಕಡಿವಾಣ ಹಾಕೋ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಆ ವಯಸ್ಸಲ್ಲಿ ಹೆಚ್ಚುಕಮ್ಮಿ ಇರಲ್ಲ. ಒಳಪದರ ದಪ್ಪ ಆಗ್ತಾ ಹೋಗುತ್ತೆ. ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 40 ದಾಟಿದ್ರೆ ಈ ಕ್ಯಾನ್ಸರಿನ ಅಪಾಯ ಸುಮಾರು 7 ಪಟ್ಟು. ಇನ್ಸುಲಿನ್ ಏರೋದು, ಒಳಗೊಳಗೇ ಇರೋ ಉರಿಯೂತ, ಇವೂ ಸೇರ್ಕೊಳ್ತವೆ.

ಸುಬ್ಬು ಚಿಕ್ಕಪ್ಪ: ನಂದು 26. ಬಚಾವ್ 😎

ಡಾ. ಮೇಘಾ: ನಮ್ಮ ದೇಶದೋರಿಗೆ 25ಕ್ಕೇ ಬೊಜ್ಜು ಅಂತ ಲೆಕ್ಕ ಚಿಕ್ಕಪ್ಪ. ಗಂಡಸರ ಹೊಟ್ಟೆ ಸುತ್ತಳತೆ 90 ಸೆಂ.ಮೀ. ದಾಟಬಾರದು, ಹೆಂಗಸರದ್ದು 80. ಟೇಪಲ್ಲೇ ಅಳೀರಿ, ಪ್ಯಾಂಟ್ ಸೈಜ್ ಹೇಳಬೇಡಿ. ನೀವು ಬೆಲ್ಟ್ ಹಾಕೋದು ಹೊಟ್ಟೆ ಕೆಳಗೆ.

ಗೀತತ್ತೆ: 😂😂😂

ಡಾ. ಮೇಘಾ: ಅತ್ತೆ, ನಗೋದಿರಲಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡ್ರೂ ಡಾಕ್ಟರಿಗೆ ತೋರಿಸಬೇಕು. ತೂಕ ಎಷ್ಟೇ ಇರಲಿ.

ಗೀತತ್ತೆ: ಗುಂಪಲ್ಲಿ ಅಳಿಯಂದಿರಿದ್ದಾರೆ ಕಣೇ!

ಡಾ. ಮೇಘಾ: ಅವರೂ ಓದ್ಲಿ. ನಾಚಿಕೊಂಡು ಆರು ತಿಂಗಳು ತಡ ಮಾಡಿ ಬರೋರೇ ಜಾಸ್ತಿ. ಬೇಗ ಗೊತ್ತಾದ್ರೆ ಎಷ್ಟೋ ಜನಕ್ಕೆ ಆಪರೇಷನ್‌ನಲ್ಲೇ ವಾಸಿಯಾಗುತ್ತೆ.

ದೊಡ್ಡಪ್ಪ: ಹಾಗಾದ್ರೆ ನಿಂಬೆಹಣ್ಣು?

ಡಾ. ಮೇಘಾ: ರುಚಿಗೆ ಕುಡೀರಿ ದೊಡ್ಡಪ್ಪ. ಕೊಬ್ಬು ಕರಗಲ್ಲ.

ದೊಡ್ಡಪ್ಪ: ವಾಕಿಂಗ್ ಗ್ರೂಪಿಗೂ ಕಳಿಸಿಬಿಟ್ನಲ್ಲೋ.